ಧಾರೆಗೆ ಕೂರುವವರು

ಪುಂಡರೀಕಾಕ್ಷ ಸುಳ್ಳು ಹೇಳಿ ಮನೆಯಿಂದ ಹೊರಬಿದ್ದಾಗ ಬೆಳಗಿನ ಹತ್ತೂವರೆ. ಸುಳ್ಳೇನೂ ದೊಡ್ಡದಲ್ಲ. ಡೊಂಬಿವಿಲಿಯಿಂದ ಲೋಕಲ್ ಗಾಡಿಯಲ್ಲಿ ಠಾಣೆ ಪೇಟೆಗೆ ಹೋಗಿ ಹೊಟ್ಟೆಗೆ ಕಟ್ಟುವ ಬ್ಯಾಗಿನ ಡಬ್ಬಿ ತರುತ್ತೇನೆ ಅಂದಿದ್ದ, ಅಷ್ಟೆ. ಕಪಾಟಿನಲ್ಲಿ ಒಡೆಯದ ಡಬ್ಬಿ ಎರಡು ಇದ್ದವು. ಅದು ಹೆಂಡತಿ ರಮಾಮಣಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳು "ಊಟಕ್ಕೆ ಬರ್ತೀರಲ್ಲ?" ಎಂದಷ್ಟೇ ಕೇಳಿದ್ದು ಅವನನ್ನು ಮೆಟ್ಟಿಲುದ್ದಕ್ಕೂ ಬಾಧಿಸಿತು. ಎರಡನೆಯ ಮಹಡಿಯ ತಿರುವಿನಲ್ಲಿ ನಿಂತು, ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿ, ಅಂಗಿಯ ಮೇಲಿನಿಂದಲೇ ಹೊಟ್ಟೆಯ ಎಡಭಾಗವನ್ನು ಮುಟ್ಟಿ ನೋಡಿಕೊಂಡ. ಸರಿಯಾಗಿಯೇ ಕೂತಿದೆ. ಹನ್ನೊಂದು ವರ್ಷದ ಹಿಂದೆ ಗುದದ ಕ್ಯಾನ್ಸರಿಗೆಂದು ಡಾಕ್ಟರರು ಕೆಳಗಿನ ದಾರಿಯನ್ನು ಹೊಲಿದು ಮುಚ್ಚಿ, ಹೊಟ್ಟೆಯ ಮೇಲೆ ಹೊಸದೊಂದು ಬಾಯಿ ತೆರೆದಿದ್ದರು. ಆ ಬಾಯಿಗೊಂದು ಪ್ಲಾಸ್ಟಿಕ್ ಚೀಲ. ಕರುಳಿಗೆ ಮನಸ್ಸಾದಾಗ ಅದು ತುಂಬುತ್ತದೆ, ಅವನ ಮನಸ್ಸನ್ನು ಕೇಳುವುದಿಲ್ಲ. ಇದಕ್ಕೆ ಎಲ್ಲರೂ ಗೆದ್ದದ್ದು ಎನ್ನುತ್ತಾರೆ. ಗೆದ್ದದ್ದು ಸುಳ್ಳೇನಲ್ಲ. ಅವನ ಜೊತೆ ಅದೇ ವಾರ್ಡಿನಲ್ಲಿ ಮಲಗಿದ್ದ ಆರು ಮಂದಿಯಲ್ಲಿ ಈಗ ಫೋನ್ ಎತ್ತುವವರು ಯಾರೂ ಇಲ್ಲ.

ಠಾಣೆಗೆ ಹೊರಟದ್ದು ಡಬ್ಬಿಗಲ್ಲ, ತಮ್ಮ ವಾಸುವನ್ನು ಒಂದು ಮಾತು ಕೇಳುವುದಕ್ಕೆ. ಇನ್ನು ಹತ್ತೊಂಬತ್ತು ದಿನಕ್ಕೆ ಮಗಳು ಅಪರ್ಣಾಳ ಮದುವೆ. ಧಾರೆಗೆ ತನ್ನ ಬದಲು ವಾಸು ಮತ್ತು ಅವನ ಹೆಂಡತಿ ಜಯಲತಾ ಕೂರಬೇಕು, ಅದನ್ನು ಇವತ್ತೇ ಕೇಳಿ ಮುಗಿಸಬೇಕು. ಧಾರೆಗೆ ಕೂರುವುದೆಂದರೆ ಗಂಡ ಹೆಂಡತಿ ಇಬ್ಬರೂ ಕೂರುವುದು. ತಂದೆ ಮಗಳ ಕೈ ಹಿಡಿದು ಅಳಿಯನ ಕೈಯಲ್ಲಿಡುತ್ತಾನೆ, ತಾಯಿ ಗಿಂಡಿಯಿಂದ ನೀರು ಬಿಡುತ್ತಾಳೆ. ಅವನು ಎದ್ದರೆ ರಮಾಮಣಿಯೂ ಏಳಬೇಕಾಗುತ್ತದೆ. ಅವಳಿಗೆ ಈ ವಿಷಯ ಹೇಳಿರಲಿಲ್ಲ. ಹೇಗೆ ಹೇಳುವುದು? ಮೊನ್ನೆ ಭಟ್ಟರು ಮದುವೆಯ ಪಟ್ಟಿ ಬರೆಯಲು ಬಂದು, "ಧಾರೆಗೆ ಕೂರುವವರು?" ಎಂದು ಪೆನ್ನು ಎತ್ತಿ ಕೇಳಿದಾಗ ಅವನು ಬಾಯಿ ತೆರೆಯುವ ಮೊದಲೇ ಅವಳು ಅಡಿಗೆಮನೆಯಿಂದ "ನಾವೇ" ಅಂದಿದ್ದಳು. ಆ ನಾವೇ ಎನ್ನುವುದರಲ್ಲಿ ಎಷ್ಟು ಗಟ್ಟಿತನವಿತ್ತೆಂದರೆ ಭಟ್ಟರು ತಲೆಯೆತ್ತದೆ ಬರೆದುಕೊಂಡರು. ಅಥವಾ ಒಂದು ಕ್ಷಣ ಅವನ ಹೊಟ್ಟೆಯ ಕಡೆ ನೋಡಿ ಬರೆದುಕೊಂಡರೋ? ಎರಡು ದಿನದಿಂದ ಅವನು ಇದನ್ನೇ ಯೋಚಿಸುತ್ತಿದ್ದ. ಭಟ್ಟರು ಹೋದ ಮೇಲೆ ಅಪರ್ಣಾಳ ಹತ್ತಿರ ಮೆಲ್ಲಗೆ ವಿಷಯ ತೆಗೆದಿದ್ದ. ಡೊಂಬಿವಿಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಅಪ್ಪನ ಮಾತೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. "ಪಪ್ಪಾ, ಟೆನ್ಷನ್ ಮತ್ ಲೋ. ವಾಸುಕಾಕಾ ಬೈಠೇಂಗೆ ನಾ, ಕ್ಯಾ ಫರಕ್ ಪಡ್ತಾ ಹೈ?" ಎಂದು ಮೊಬೈಲಿನಿಂದ ಕಣ್ಣು ಕೀಳದೆ ಹೇಳಿದಳು. ಸಮಾಧಾನಕ್ಕೆ ಹೇಳಿದ್ದು. ಅವನಿಗೆ ಬೇಕಾಗಿದ್ದದ್ದೂ ಅದೇ. ಆದರೂ ವಾಸುಕಾಕಾ ಕೂತರೆ ಏನೂ ಫರಕಿಲ್ಲ ಎಂದು ಮಗಳು ಅಷ್ಟು ಸುಲಭವಾಗಿ ಅಂದದ್ದಕ್ಕೆ ಆ ದಿನ ಅವನು ಮೊಸರನ್ನ ಬಿಟ್ಟು ಎದ್ದಿದ್ದ.

ಕೂರುವುದಿಲ್ಲ ಎನ್ನುವುದಕ್ಕೆ ಅವನ ಹತ್ತಿರ ಒಂದು ಒಳ್ಳೆಯ ಕಾರಣವಿತ್ತು, ಹನ್ನೊಂದು ವರ್ಷದಿಂದ ಬಳಸಿ ಬಳಸಿ ನಯವಾದ ಕಾರಣ: ಮಡಿ. ಹೊಟ್ಟೆಯ ಮೇಲೆ ಮಲದ ಚೀಲ ಕಟ್ಟಿಕೊಂಡವನು ದೇವರ ಮುಂದೆ ಹೇಗೆ ಕೂರುವುದು? ಆಸ್ಪತ್ರೆಯಿಂದ ಬಂದ ದಿನವೇ ದೇವರಕೋಣೆಯ ಹೊಸಿಲಿನ ಹೊರಗೆ ನಿಂತು ಕೈಮುಗಿದು, "ಇನ್ನು ಪೂಜೆ ನನಗಿಲ್ಲ" ಅಂದಿದ್ದ. ಅಪ್ಪ ಕೊಟ್ಟ ಸಾಲಿಗ್ರಾಮದ ಸಂಪುಟವನ್ನು ಠಾಣೆಗೆ, ವಾಸುವಿನ ಮನೆಗೆ ಕಳಿಸಿದ. ಅಪ್ಪನ ಶ್ರಾದ್ಧವನ್ನು ಹಿರಿಯ ಮಗನಾದ ತಾನು ಬಿಟ್ಟು ವಾಸುವಿಗೆ ಒಪ್ಪಿಸಿದ. ನೆಂಟರೆಲ್ಲ ಪುಂಡರೀಕಣ್ಣನ ನಿಷ್ಠೆ ಎಂದರೆ ನಿಷ್ಠೆ ಎಂದು ಹೊಗಳಿದರು. ಹೊಗಳಿಕೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ನಿಜ ಬೇರೆಯಿತ್ತು ಮತ್ತು ಅದು ಮಡಿಗಿಂತ ಬಹಳ ಸಣ್ಣದು. ಅವನಿಗೆ ಹೆದರಿಕೆ ಸದ್ದಿನದು. ಆ ಹೊಸ ಬಾಯಿಗೆ ಮುಚ್ಚಿಕೊಳ್ಳುವ ಶಕ್ತಿಯಿಲ್ಲ. ಗಾಳಿ ಬಂದರೆ ಬಿಡುತ್ತದೆ, ಮಗು ಬಾಯಲ್ಲಿ ಪುರ್ರೆಂದು ಉಗುಳು ಹಾರಿಸಿದ ಹಾಗೆ. ಆಪರೇಷನ್ನಿನ ನಂತರದ ಮೊದಲ ವರ್ಷ ಠಾಣೆಯ ತಮ್ಮದೇ ಹೋಟೆಲಿನಲ್ಲಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂತಿದ್ದಾಗ, ದಿನಾ ಬೆಳಿಗ್ಗೆ ಇಡ್ಲಿಗೆ ಬರುತ್ತಿದ್ದ ಶಾಲೆಯ ಹೆಡ್ಮಾಸ್ತರರೊಬ್ಬರು ಎದುರು ನಿಂತಿದ್ದಂತೆಯೇ ಅದು ಬಿಟ್ಟಿತು. ಉದ್ದಕ್ಕೆ, ಎರಡು ಸಲ. ಮಾಸ್ತರರು ಮೂಗು ಮುಚ್ಚಲಿಲ್ಲ, ನಗಲಿಲ್ಲ, ಕೇಳಿಸದವರಂತೆ ಸೋಂಪಿನ ತಟ್ಟೆಗೆ ಕೈಹಾಕಿ ಮೂರು ಕಾಳು ತೆಗೆದುಕೊಂಡು ಹೋದರು. ಆ ಮೂರು ಕಾಳು ಸೋಂಪು ಅವನಿಗೆ ಇವತ್ತಿಗೂ ಕಾಣುತ್ತದೆ. ಮರುದಿನದಿಂದ ಅವನು ಗಲ್ಲೆಗೆ ಕೂರಲಿಲ್ಲ. ಹಿಂದಿನ ಕೋಣೆಯಲ್ಲಿ ಅಕ್ಕಿ ಬೇಳೆ ಬಂದದ್ದನ್ನು ಇಳಿಸಿಕೊಳ್ಳುವ ಕೆಲಸ ಹಿಡಿದ. ವಾರಕ್ಕೆ ಮೂರು ದಿನ, ಗೋಣಿಗಳ ಜೊತೆ.

ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವ ಜಾಗ ಅವನ ಕಾಲಿಗೆ ಗೊತ್ತಿತ್ತು: ಅಂಗವಿಕಲರಿಗೂ ಕ್ಯಾನ್ಸರ್ ರೋಗಿಗಳಿಗೂ ಮೀಸಲಾದ ಸಣ್ಣ ರೈಲು ಡಬ್ಬಿ ಬಂದು ನಿಲ್ಲುವ ಕಂಬದ ಹತ್ತಿರ. ಮೊದಲು ಅಲ್ಲಿ ಹತ್ತಲು ಹಕ್ಕಿನ ಕಾಗದ ಇತ್ತು, ಈಗ ಇಲ್ಲ. ಐದು ವರ್ಷ ತುಂಬಿದ ದಿನ ಡಾಕ್ಟರರು ಫೈಲು ಮುಚ್ಚಿ, ಕೈಕುಲುಕಿ, ಇನ್ನು ಬರಬೇಡಿ, ನೀವು ನಮ್ಮ ಪೇಷಂಟ್ ಅಲ್ಲ ಅಂದರು. ಅವರು ನಗುತ್ತಿದ್ದರು. ಹೊರಗೆ ಬೆಂಚಿನಲ್ಲಿ ಕೂತಿದ್ದವರೆಲ್ಲ ಇವನನ್ನು ಅಸೂಯೆಯಿಂದ ನೋಡಿದರು. ಅವನಿಗೆ ಮಾತ್ರ ಕೆಲಸದಿಂದ ತೆಗೆದುಹಾಕಿದ ಹಾಗಾಯಿತು. ಚೀಲದ ಸುತ್ತ ಚರ್ಮ ಕೆರಳಿದರೆ ಯಾರನ್ನು ಕೇಳಬೇಕು, ಕೆಮ್ಮಿದಾಗ ಹೊಟ್ಟೆ ಉಬ್ಬಿದರೆ ಯಾರಿಗೆ ತೋರಿಸಬೇಕು, ಹೆಂಡತಿಯ ಪಕ್ಕ ಮಲಗಿ ಸುಮ್ಮನೆ ಗೋಡೆ ನೋಡುವವನು ಯಾವ ವಿಭಾಗಕ್ಕೆ ಸೇರಿದವನು, ಇದಾವುದನ್ನೂ ಯಾರೂ ಹೇಳಲಿಲ್ಲ. ರೋಗಿ ಅಲ್ಲ. ಸರಿ. ಹಾಗಾದರೆ ಏನು? ಅದಾದ ವರ್ಷ ಇಲ್ಲಿನ ಕನ್ನಡ ಬಳಗದವರು ಕ್ಯಾನ್ಸರ್ ಗೆದ್ದ ಸಾಧಕ ಎಂದು ವೇದಿಕೆಗೆ ಕರೆದು ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಎರಡು ಮಾತಾಡಿ ಎಂದು ಮೈಕು ಹಿಡಿದರು. ಮೈಕು ಹೊಟ್ಟೆಯ ಎತ್ತರದಲ್ಲೇ ಇತ್ತು. ಅವನು ನಮಸ್ಕಾರ ಎಂದಷ್ಟೇ ಹೇಳಿ ಕೆಳಗಿಳಿದ. ವಿನಯವಂತರು ಎಂದು ಅದಕ್ಕೂ ಚಪ್ಪಾಳೆ ಬಿತ್ತು.

ಅಂಬರನಾಥ ಕಡೆಯಿಂದ ಬಂದ ಗಾಡಿಯಲ್ಲಿ ಜನ ಕಡಿಮೆಯಿದ್ದರು. ಈ ಡಬ್ಬಿಯ ನಿತ್ಯದವರಲ್ಲಿ ಬಾಗಿಲ ಪಕ್ಕ ಊರುಗೋಲು ಮಡಿಲಲ್ಲಿಟ್ಟುಕೊಂಡು ಕೂರುವ, ಬಲಗಾಲಿಲ್ಲದ ಗಡ್ಡದವನು ಒಬ್ಬ ಇದ್ದ. ಯಾರು ಹತ್ತಬೇಕು, ಯಾರು ಇಳಿಯಬೇಕು ಎಂಬುದರ ಯಜಮಾನಿಕೆಯೆಲ್ಲ ಅವನದು. ಪುಂಡರೀಕಾಕ್ಷನಿಗೆ ಅವನು "ನಮಸ್ತೇ ಅಂಕಲ್" ಅಂದ. ಎಂದೂ ಕಾರ್ಡು ಕೇಳಿದವನಲ್ಲ. ನೆರೆತ ಕೂದಲು, ಇಸ್ತ್ರಿ ಅಂಗಿ, ಹಣೆಯಲ್ಲಿ ನಾಮ ಇರುವವನು ಸುಳ್ಳು ಹೇಳಲಾರ ಎಂಬ ನಂಬಿಕೆಯಿರಬೇಕು. ಇವತ್ತು ಅವನ ಕಣ್ಣು ಬಾಗಿಲ ಹತ್ತಿರ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದ ಒಬ್ಬ ಹೊಸಬನ ಮೇಲಿತ್ತು. ನಲವತ್ತರ ಆಸುಪಾಸು, ಮೂಟೆ ಹೊತ್ತು ಗಟ್ಟಿಯಾದ ಭುಜ, ನಡುವಿಗೆ ದಪ್ಪನೆಯ ಟವೆಲು ಸುತ್ತಿಕೊಂಡಿದ್ದ. "ಏ, ಇಧರ್ ಕೈಸೇ ಚಢಾ? ಕಾರ್ಡ್ ದಿಖಾ," ಎಂದ ಗಡ್ಡದವನು. ಹೊಸಬ ಪ್ಲಾಸ್ಟಿಕ್ ಚೀಲದಿಂದ ಮಡಿಚಿದ ಕಾಗದ ತೆಗೆದು, "ಕ್ಯಾನ್ಸರ್ ಹೈ ಸಾಬ್, ಕಾರ್ಡ್ ಅಭೀ ಬನಾ ನಹೀಂ," ಎಂದು ಕಾರ್ಡು ಇನ್ನೂ ಸಿಗದ್ದನ್ನು ಹೇಳಿದ. ಎಲ್ಲರೂ ಹೀಗೇ ಹೇಳುತ್ತಾರೆ ಎಂದು ಗಡ್ಡದವನು ನಕ್ಕು, ಇವನು ರೋಗಿಯ ಹಾಗೆ ಕಾಣುತ್ತಾನೋ ನೀವೇ ಹೇಳಿ ಎಂದು ಸಾಕ್ಷಿಗೆ ಕರೆಯುವವನ ಹಾಗೆ ಪುಂಡರೀಕಾಕ್ಷನ ಕಡೆ ತಿರುಗಿದ. "ಕ್ಯಾ ಅಂಕಲ್, ಏ ಕ್ಯಾನ್ಸರ್‌ವಾಲಾ ಲಗ್ತಾ ಹೈ ಕ್ಯಾ?"

ಪುಂಡರೀಕಾಕ್ಷ ನಕ್ಕ. ಅದೊಂದು ಬಗೆಯ ನಗು, ಹೌದೂ ಅಲ್ಲ, ಇಲ್ಲವೂ ಅಲ್ಲ. ಹೋಟೆಲಿನಲ್ಲಿ ಗಿರಾಕಿಗಳು ಜಗಳಾಡಿದಾಗ ನಗುವ ನಗು. ನಕ್ಕು ಕಿಟಕಿಯ ಕಡೆ ಮುಖ ಮಾಡಿದ. ಆಗ ಹೊಸಬ ಎದ್ದು ನಿಂತು, ಯಾರೂ ಕೇಳದಿದ್ದರೂ ಟವೆಲು ಬಿಚ್ಚಿ, ಬನಿಯನ್ನು ಎದೆಯವರೆಗೆ ಎತ್ತಿಬಿಟ್ಟ. ಹೊಟ್ಟೆಯ ಎಡಭಾಗದಲ್ಲಿ ಚೀಲ ಜೋತಿತ್ತು. ಬಟ್ಟೆಯ ಚೂರು, ಬಿಳಿ ಪಟ್ಟಿ ಸೇರಿಸಿ ಹೇಗೋ ಅಂಟಿಸಿದ್ದ. ಅಂಚು ಕಂದಾಗಿತ್ತು, ಸುತ್ತಲಿನ ಚರ್ಮ ಸುಲಿದ ಗಜ್ಜರಿಯಂತೆ ಕೆಂಪಗಿತ್ತು. ಅರೆಪಾಲು ತುಂಬಿತ್ತು. ವಾಸನೆ ಬಂತು. ಗಡ್ಡದವನು ಊರುಗೋಲನ್ನು ಸರಿಸಿ, "ಬೈಠ್ ಭಾಯಿ, ಬೈಠ್," ಎಂದು ತಲೆ ತಗ್ಗಿಸಿದ. ಪುಂಡರೀಕಾಕ್ಷ ಮತ್ತೆ ಕಿಟಕಿಗೆ ಮುಖ ತಿರುಗಿಸಿದ. ವಾಸನೆಗಲ್ಲ, ಅದು ಅವನ ಮನೆಯದೇ ವಾಸನೆ. ತನ್ನನ್ನೇ ಯಾರೋ ಹಿಡಿದು ನಡುಬೀದಿಯಲ್ಲಿ ಬಟ್ಟೆ ಬಿಚ್ಚಿಸಿದಂತಾಯಿತು. ಜೊತೆಗೇ, ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚೂ ಆಯಿತು. ಅಷ್ಟು ಸಲೀಸಾಗಿ ಬನಿಯನ್ನು ಎತ್ತಿಬಿಟ್ಟನಲ್ಲ.

ಖಾಲಿಯಿದ್ದದ್ದು ಇವನ ಪಕ್ಕದ ಸೀಟು. ಬಂದು ಕೂತ. ಚೀಲವನ್ನು ಚರ್ಮಕ್ಕೆ ಅಂಟಿಸುವ ಪ್ಲೇಟಿನ ತೂತನ್ನು ಅಳತೆಗಿಂತ ದೊಡ್ಡದಾಗಿ ಕತ್ತರಿಸಿದ್ದಾನೆ, ಅದಕ್ಕೇ ಚರ್ಮ ಸುಟ್ಟಿದೆ ಎಂದು ಪುಂಡರೀಕಾಕ್ಷನಿಗೆ ಒಂದೇ ನೋಟಕ್ಕೆ ತಿಳಿದಿತ್ತು. ಮೊದಲು ಕಾಗದದಲ್ಲಿ ಅಳತೆ ತೆಗೆಯಬೇಕು, ಆಮೇಲೆ ಗುಂಡಗೆ ಕತ್ತರಿಸಬೇಕು, ಚರ್ಮ ಪೂರ್ತಿ ಒಣಗಿದ ಮೇಲೆ ಅಂಟಿಸಿ ಐದು ನಿಮಿಷ ಅಂಗೈ ಒತ್ತಿ ಹಿಡಿಯಬೇಕು, ಶಾಖಕ್ಕೆ ಅದು ಕಚ್ಚಿಕೊಳ್ಳುತ್ತದೆ. ಇದನ್ನು ಕಲಿಯಲು ಅವನಿಗೂ ರಮಾಮಣಿಗೂ ಒಂದು ವರ್ಷ ಹಿಡಿದಿತ್ತು, ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿದರೆ ಎರಡು ನಿಮಿಷದ ಮಾತು. ಮಡಿಲಲ್ಲಿದ್ದ ಕೈಚೀಲದ ಬಾಯಿಯಿಂದ, ವಾಸುವಿಗೆ ಕೊಡಲೆಂದು ತಂದಿದ್ದ ಮದುವೆಯ ಕರೆಯೋಲೆಯ ಕಾಗದಗಳು ಹೊರಗೆ ಕಾಣುತ್ತಿದ್ದವು. ಆ ಮನುಷ್ಯ ಬಗ್ಗಿ ನೋಡಿ, ಅಕ್ಷರ ಜೋಡಿಸಿ, ಮುಖ ಅರಳಿಸಿದ. "ಕನ್ನಡ ಅದ ಅಲ್ರಿ ಇದು! ನೀವು ನಮ್ಮ ಮಂದಿ ಏನ್ರಿ?"

"ಹೌದು. ಉಡುಪಿ ಕಡೆ," ಎಂದ ಪುಂಡರೀಕಾಕ್ಷ. ಹೇಳದೆ ಬೇರೆ ದಾರಿಯಿರಲಿಲ್ಲ.

"ನಂದು ಕಲಬುರಗಿ ಬಾಜೂಕ್ರಿ. ಮಾಪಣ್ಣ ಅಂತಾರ. ಕಳಂಬೋಲಿ ಕಬ್ಬಣದ ಮಾರ್ಕೆಟಿನ್ಯಾಗ ಹದಿನೆಂಟ ವರ್ಷ ಹಮಾಲಿ ಮಾಡೀನ್ರಿ. ಈಗ ವಜ್ಜಾ ಎತ್ತಬ್ಯಾಡ ಅಂದಾರ. ವಿಠ್ಠಲವಾಡಿದಾಗ ಖೋಲಿ ಅದ, ಸುಮ್ಮ ಕುಂತೀನಿ." ಅವನಿಗೆ ಸಿಕ್ಕಿದ ಕನ್ನಡವನ್ನು ಬಿಡುವ ಮನಸ್ಸಿರಲಿಲ್ಲ. "ನಿಮಗೇನಾಗ್ಯಾದ್ರಿ ಸಾಹೇಬ್ರ? ಈ ಡಬ್ಬಿದಾಗ ಕುಂತೀರಿ?"

"ಬೆನ್ನು," ಎಂದ. "ಬೆನ್ನಿನ ಆಪರೇಷನ್ ಆಗಿತ್ತು."

ಹೇಳಿದ ಕೂಡಲೇ ಬೆನ್ನು ನಿಜವಾಗಿಯೂ ನೆಟ್ಟಗಾಯಿತು. ಮಾಪಣ್ಣ ಪಾಪ ಎಂಬಂತೆ ತಲೆಯಾಡಿಸಿದ. ಮುಂಬ್ರಾ ದಾಟಿ ಗಾಡಿ ಹಿನ್ನೀರಿನ ಬದಿಯ ಕೆಸರನ್ನು ಹಿಂದೆ ಹಾಕುತ್ತ ಓಡುತ್ತಿತ್ತು. ಮಾಪಣ್ಣ ದನಿ ತಗ್ಗಿಸಿ ಕೇಳಿದ: "ನೀವು ಓದಿದ ಮಂದಿ, ನಾಕು ಕಡಿ ಅಡ್ಡಾಡಿದವ್ರು. ಒಂದ ಮಾತ ಕೇಳ್ತೀನ್ರಿ, ಸಿಟ್ಟಿಗೇಳಬ್ಯಾಡ್ರಿ. ಈ ಚೀಲಾ ಹಚ್ಕೊಂಡು ಹತ್ತ ವರ್ಷ ಬದುಕಿದವ್ರನ ನೀವು ಯಾರನ್ನರೆ ಕಂಡೀರೇನ್ರಿ? ನನಗಲ್ಲ, ನನ್ನ ಹೆಂಡತಿ ಚಂದ್ರಬಾಯಿ ದಿನಾ ಕೇಳ್ತಾಳ. ಡಾಕ್ಟರು ಬದುಕ್ತಾನ ಅಂದ್ರ ನಂಬಂಗಿಲ್ಲ ಆಕಿ. ಅವರ ಕೆಲಸಾನ ಹಾಂಗ ಹೇಳೋದು ಅಂತಾಳ. ಒಬ್ಬರನ್ನ ಕಂಡೀನಿ ಅಂತ ಹೋಗಿ ಹೇಳಿದ್ರ ಸಾಕ್ರಿ, ಎರಡ ರೊಟ್ಟಿ ತಿಂತಾಳ."

ಪುಂಡರೀಕಾಕ್ಷನ ಕೈ ಹೊಟ್ಟೆಯ ಎಡಕ್ಕೆ ಹೋಗಿತ್ತು. ಮಾಪಣ್ಣ ಅದನ್ನು ನೋಡಿದನೋ ಇಲ್ಲವೋ ತಿಳಿಯಲಿಲ್ಲ. ಹೇಳಬಹುದಿತ್ತು. ಬನಿಯನ್ನು ಎತ್ತುವುದೂ ಬೇಡ, ಹನ್ನೊಂದು ವರ್ಷ ಎಂಬ ಎರಡು ಶಬ್ದ ಸಾಕಿತ್ತು. ಆದರೆ ಬೆನ್ನು ಎಂದು ಈಗಷ್ಟೇ ಹೇಳಿಯಾಗಿದೆ, ಎದುರಿಗೆ ಗಡ್ಡದವನು ಕಿವಿಗೊಟ್ಟು ಕೂತಿದ್ದಾನೆ, ಠಾಣೆ ಬಂದೇ ಬಿಟ್ಟಿತು. "ಇಲ್ಲಪ್ಪ," ಎಂದ. "ನನಗೆ ಅಂಥವರು ಯಾರೂ ಗೊತ್ತಿಲ್ಲ." ಎದ್ದು ಬಾಗಿಲ ಕಡೆ ಹೋದ. ಹಿಂದಿನಿಂದ ಮಾಪಣ್ಣ, "ಮದುವಿ ಚೆಂದಾಗಿ ಆಗ್ಲಿರಿ," ಎಂದು ಹರಸಿದ್ದು ಕೇಳಿಸಿತು. ಗಾಡಿ ಹೊರಟು ಹೋದ ಮೇಲೆಯೂ ಅವನು ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಇದ್ದ. ತನ್ನ ಮೇಲೆ ತನಗೆ ಅಸಹ್ಯವಾಯಿತು. ಅಸಹ್ಯವಾದರೆ ಏನು ಬಂತು, ಕಾಲು ಮಾತ್ರ ಹೋಟೆಲಿನ ಕಡೆಗೇ ನಡೆಯಿತು.

ಹನ್ನೆರಡರ ಹೊತ್ತಿಗೆ ಹೋಟೆಲಿನಲ್ಲಿ ಊಟದ ಗದ್ದಲ ಶುರುವಾಗಿರಲಿಲ್ಲ. ಗಲ್ಲೆಯಲ್ಲಿ ಕೂತಿದ್ದ ವಾಸು ಅಣ್ಣನನ್ನು ಕಂಡು ಎದ್ದು ನಿಂತ. ಐವತ್ತು ದಾಟಿದರೂ ಆ ಅಭ್ಯಾಸ ಹೋಗಿರಲಿಲ್ಲ. "ಎಂಥ ಅಣ್ಣ, ಇವತ್ತು ನಿಮ್ಮ ದಿನ ಅಲ್ವಲ್ಲ? ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ," ಎಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಜಯಲತಾ ಮೊರದಲ್ಲಿ ಉದ್ದು ಹಸನು ಮಾಡುತ್ತಿದ್ದಳು. ಬೆಳಗಿನ ಹೊತ್ತು ಹೋಟೆಲಿನ ಒಳಗಿನ ಕೆಲಸವೆಲ್ಲ ಅವಳ ಉಸ್ತುವಾರಿ. ಭಾವ ಬಂದರೆಂದು ಸೆರಗು ಸರಿಮಾಡಿಕೊಂಡು ಸ್ಟೂಲು ಕೊಟ್ಟಳು. ಕಾಗದಗಳನ್ನು ಕೊಟ್ಟದ್ದಾಯಿತು, ಹಾಲಿನವನ ವಿಷಯ ಆಯಿತು, ಅಡಿಗೆಯವರ ವಿಷಯ ಆಯಿತು. ಗೋಣಿಗಳ ಮಧ್ಯೆ ತನ್ನದೇ ಸ್ಟೂಲಿನ ಮೇಲೆ ಅತಿಥಿಯಂತೆ ಕೂತು ಪುಂಡರೀಕಾಕ್ಷ ಕೊನೆಗೂ ಹೇಳಿದ: "ಧಾರೆಗೆ ನೀವಿಬ್ಬರು ಕೂತ್ಕೊಳ್ಬೇಕು. ನನ್ನಿಂದ ಆಗುದಿಲ್ಲ. ಮಡಿಯ ಪ್ರಶ್ನೆ."

ವಾಸು ಒಪ್ಪಿಬಿಡುತ್ತಾನೆ ಎಂದುಕೊಂಡಿದ್ದ. ಸಾಲಿಗ್ರಾಮ ಒಪ್ಪಿದವನು, ಶ್ರಾದ್ಧ ಒಪ್ಪಿದವನು. ಆದರೆ ವಾಸು ಮುಖ ಗಂಟಿಕ್ಕಿದ. "ಅದು ಹೇಗೆ ಆಗ್ತದೆ ಅಣ್ಣ? ಪೂಜೆ ಬೇರೆ, ಇದು ಬೇರೆ. ಅಪರ್ಣಾ ನಿಮ್ಮ ಮಗಳು. ಅತ್ತಿಗೆ ಇದಕ್ಕೆ ಎಂಥ ಹೇಳ್ತಾರೆ? ಮೊನ್ನೆ ಜಯನ ಹತ್ರ ಮಾತಾಡುವಾಗ ನಾವೇ ಕೂರುದು ಅಂತ ಅಷ್ಟು ಖುಷಿಯಲ್ಲಿ ಹೇಳಿದ್ರಂತೆ." ಜಯಲತಾ ಹೌದೆಂದು ತಲೆಯಾಡಿಸಿದಳು. "ಗಿಂಡಿ ತಿಕ್ಕಿ ತಿಕ್ಕಿ ಕೈ ನೋವು ಬಂತು ಅಂತ ನಗಾಡ್ತಿದ್ರು ಭಾವ. ರಮಕ್ಕ ಹೂಂ ಅಂದ್ರೆ ಮಾತ್ರ ನಾವು ಕೂರುದು. ಅವರನ್ನು ಎಬ್ಬಿಸಿ ನಾನು ಹೇಗೆ ಕೂರ್ಲಿ?"

ಪುಂಡರೀಕಾಕ್ಷ ಅಂಗಿಯ ಮೇಲಿನಿಂದ ಚೀಲವನ್ನು ಅಂಗೈಯಲ್ಲಿ ಒತ್ತಿ ಹಿಡಿದ. ಹತ್ತೊಂಬತ್ತು ದಿನದ ಆಚೆಗಿನ ಮಂಟಪ ಕಣ್ಣಿಗೆ ಕಟ್ಟಿತು: ಹೋಮದ ಹೊಗೆ, ಮುನ್ನೂರು ಜನ, ಭಟ್ಟರು ಮಂತ್ರ ನಿಲ್ಲಿಸಿ ಮುಹೂರ್ತದ ಗಳಿಗೆಗಾಗಿ ಗಡಿಯಾರ ನೋಡುವ ಆ ಒಂದು ನಿಮಿಷದ ಮೌನ. ಆ ಮೌನದಲ್ಲೇ ಬರುತ್ತದೆ, ಖಂಡಿತ. ಅಳಿಯನ ಕಡೆಯವರು ಕೇಳಿಸದವರ ಹಾಗೆ ಎಲ್ಲೋ ನೋಡುತ್ತಾರೆ. ವಿಡಿಯೋದಲ್ಲಿ ದಾಖಲಾಗುತ್ತದೆ. ಅಪರ್ಣಾ ಜೀವಮಾನವಿಡೀ ಅದನ್ನು ನೋಡುತ್ತಾಳೆ. "ಅವಳೇ ಹೇಳಿದ್ದು," ಎಂದು ಬಾಯಿಂದ ಬಂತು. ತಾನು ಹೇಳುತ್ತಿರುವುದು ಏನೆಂದು ಅವನಿಗೇ ಆಶ್ಚರ್ಯವಾಗುವಷ್ಟು ಸರಾಗವಾಗಿ ಮುಂದಿನದೂ ಬಂತು. "ನಿಮ್ಮ ಹತ್ರ ಖುಷಿಯಲ್ಲಿ ಮಾತಾಡಿದ್ದು ತೋರಿಕೆಗೆ. ಅವಳಿಗೆ ನನ್ನ ಪಕ್ಕ ಕೂರ್ಲಿಕ್ಕೆ ನಾಚಿಕೆ. ಅಷ್ಟು ಜನರ ಎದುರು, ಇದನ್ನು ಕಟ್ಟಿಕೊಂಡವನ ಪಕ್ಕ. ನಿನ್ನೆ ಅತ್ತುಬಿಟ್ಟಳು. ನೀವೇ ಹೋಗಿ ವಾಸುವಿಗೆ ಹೇಳಿ ಅಂದಳು."

ಜಯಲತಾಳ ಕಣ್ಣಲ್ಲಿ ನೀರು ತುಂಬಿತು. "ಪಾಪ ರಮಕ್ಕ," ಅಂದಳು, "ಹನ್ನೊಂದು ವರ್ಷ ಎಷ್ಟು ನುಂಗಿಕೊಂಡಿರಬೇಕು." ವಾಸು ಅಣ್ಣನ ಹೆಗಲ ಮೇಲೆ ಕೈಯಿಟ್ಟ. ಇಷ್ಟು ವರ್ಷಗಳಲ್ಲಿ ಅವನು ಮುಟ್ಟಿದ್ದು ಅದೇ ಮೊದಲು. "ಆಯ್ತು ಅಣ್ಣ. ನಾವು ಕೂರ್ತೇವೆ. ನೀವು ಅತ್ತಿಗೆಗೆ ಬೈಬೇಡಿ." ರಮಾಮಣಿಯ ಹತ್ತಿರ ಈ ವಿಷಯ ಎತ್ತಬೇಡಿ, ನೊಂದುಕೊಳ್ಳುತ್ತಾಳೆ ಎಂದು ಪುಂಡರೀಕಾಕ್ಷ ಎರಡೆರಡು ಸಲ ಹೇಳಿ ಎದ್ದ. ಕಾಫಿ ಬಂತು. ಹೊರಗೆ ಹೋದಾಗ ಅವನು ಕಾಫಿ ಮುಟ್ಟುವುದಿಲ್ಲ, ಕರುಳಿಗೆ ಚುರುಕು ಮುಟ್ಟುತ್ತದೆ. ಇವತ್ತು ಒಂದು ತೊಟ್ಟು ಬಿಡದೆ ಕುಡಿದ.

ಅಲ್ಲಿಂದ ನೇರ ಮನೆಗೆ ಹೋಗಲು ಧೈರ್ಯವಾಗಲಿಲ್ಲ. ಠಾಣೆ ಸ್ಟೇಷನ್ನಿನ ಬೆಂಚಿನ ಮೇಲೆ ಗಾಡಿಯ ಮೇಲೆ ಗಾಡಿ ಬಿಡುತ್ತ ಕೂತ. ಕೆಲಸ ಆಗಿತ್ತು, ಹಗುರವಾಗಬೇಕಿತ್ತು. ಆಸ್ಪತ್ರೆಯಿಂದ ಬಂದ ಮೊದಲ ತಿಂಗಳು ಚೀಲ ಬಿಚ್ಚಿದಾಗೆಲ್ಲ ಅವನು ಮುಖ ತಿರುಗಿಸುತ್ತಿದ್ದ, ನೋಡಿದವಳು ರಮಾಮಣಿ. ಹೊಟ್ಟೆಯ ಆ ಬಾಯಿಗೆ ಅವಳೊಂದು ಹೆಸರೂ ಇಟ್ಟಿದ್ದಳು, ಅಪ್ಪಿ ಎಂದು. ಅವಳ ತವರಿನಲ್ಲಿದ್ದ ಸದಾ ಮೂತಿ ಉಬ್ಬಿಸುವ ಕರುವಿನ ಹೆಸರು. "ಅಪ್ಪಿಗೆ ಇವತ್ತು ಸಿಟ್ಟು," ಎನ್ನುತ್ತ ಬೆಚ್ಚನೆಯ ನೀರಲ್ಲಿ ಹತ್ತಿ ಅದ್ದಿ ಸುತ್ತ ಒರೆಸುತ್ತಿದ್ದಳು. ಅವನು ನಗಲಿಲ್ಲ. ನಾನೇ ಮಾಡಿಕೊಳ್ಳುತ್ತೇನೆ ಎಂದು ಒಂದು ದಿನ ಬಚ್ಚಲ ಬಾಗಿಲು ಹಾಕಿದ ಮೇಲೆ ಅವಳು ಒಳಗೆ ಬಂದಿಲ್ಲ. ಆಪರೇಷನ್ನಿನಲ್ಲಿ ನರಗಳಿಗೂ ಪೆಟ್ಟು ಬಿದ್ದಿದೆ, ಇನ್ನು ಆ ಸಂಬಂಧ ಕಷ್ಟ ಎಂದು ಡಾಕ್ಟರರು ಗಡಿಬಿಡಿಯಲ್ಲಿ ಹೇಳಿದ್ದನ್ನು ಅವನು ಅವಳಿಗೆ ಹೇಳಲೇ ಇಲ್ಲ. ಅವಳು ತಾನಾಗಿ ತಿಳಿದುಕೊಂಡಳು. ಆಗ ಅವಳಿಗೆ ನಲವತ್ತಮೂರು. ಹಾಲಿನಲ್ಲಿ ಫ್ಯಾನಿನ ಗಾಳಿ ಚೆನ್ನಾಗಿದೆ ಎಂದು ಅವನೇ ಹಾಸಿಗೆಯನ್ನು ಹೊರಗೆ ಹಾಕಿಕೊಂಡ. ಇಷ್ಟರಲ್ಲಿ ಒಂದು ಸಲವಾದರೂ ಅವಳು ಮೂಗು ಸಿಂಡರಿಸಿದ್ದಳೇ? ನೆನಪು ಕೆದಕಿ ಕೆದಕಿ ನೋಡಿದ. ಸಿಂಡರಿಸಿದ್ದರೆ ಇವತ್ತಿನ ಸುಳ್ಳಿಗೆ ಸ್ವಲ್ಪವಾದರೂ ಆಸರೆ ಸಿಗುತ್ತಿತ್ತು. ಸಿಗಲಿಲ್ಲ. ಸಂಜೆಯೊಳಗೆ ಹೇಳಿಬಿಡಬೇಕು, ವಾಸುವಿಗೆ ಫೋನ್ ಮಾಡಿ ಎಲ್ಲ ಸರಿಮಾಡಬೇಕು ಎಂದು ನಿಶ್ಚಯಿಸಿ, ನಿಶ್ಚಯ ತಣ್ಣಗಾಗುವ ಮೊದಲೇ ಗಾಡಿ ಹತ್ತಿದ.

ಮನೆ ಮುಟ್ಟಿದಾಗ ನಾಲ್ಕು ಗಂಟೆ. ರಮಾಮಣಿ ಹಾಲಿನಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತಿದ್ದಳು. ಡಬ್ಬಿ ಎಲ್ಲಿ ಎಂದು ಕೇಳಲಿಲ್ಲ. ಊಟಕ್ಕೆ ಯಾಕೆ ಬರಲಿಲ್ಲ ಎಂದೂ ಕೇಳಲಿಲ್ಲ. "ಒಳ್ಳೆ ಹೊತ್ತಿಗೆ ಬಂದ್ರಿ. ಅಂಗಿ ತೆಗೆದು ಇಲ್ಲಿ ನಿಲ್ಲಿ. ಕೈ ಮೇಲೆ ಮಾಡಿ," ಅಂದಳು. ಅವಳ ಕೈಯಲ್ಲಿ ಒಂದು ಅಗಲವಾದ ಪಟ್ಟಿಯಿತ್ತು. ಹೊರಗೆ ಧಾರೆ ಸೀರೆಯ ರವಿಕೆ ಕಣದಲ್ಲಿ ಉಳಿದ ರೇಷ್ಮೆ, ಒಳಗೆ ಅವನದೇ ಹಳೆಯ ಪಂಚೆಯ ಮೆತ್ತನೆಯ ಬಟ್ಟೆ ಮೂರು ಮಡಿಕೆ. ಅದನ್ನು ಅವನ ಸೊಂಟಕ್ಕೆ ಸುತ್ತಿ, ಚೀಲ ಕೂರುವ ಜಾಗದಲ್ಲಿ ಬೆರಳಿಟ್ಟು ನೋಡಿ, ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ಚುಚ್ಚತೊಡಗಿದಳು. "ಭಟ್ರ ಮನೆಗೆ ಹೋಗಿ ಕೇಳಿ ಬಂದೆ, ನೀವು ಆ ಕಡೆ ಹೋದ ಮೇಲೆ. ಶಾಸ್ತ್ರಕ್ಕೆ ಏನೂ ಅಡ್ಡಿ ಇಲ್ವಂತೆ. ಮಿಂದು, ಹೊಸ ಚೀಲ ಹಾಕಿ ಕೂತ್ಕೊಳ್ಳಲಿ ಅಂದ್ರು. ಒಳಗೆ ಇರುದು ಎಲ್ಲರಿಗೂ ಇರ್ತದೆ, ನಿಮ್ಮ ಗಂಡನಿಗೆ ಹೊರಗುಂಟು ಅಷ್ಟೆ ಅಂತ ನಗಾಡಿದ್ರು." ಅವಳೂ ಪಿನ್ನುಗಳ ಸಂದಿಯಿಂದ ನಕ್ಕಳು. "ಆದ್ರೆ ನಿಮ್ಮ ಹೆದರಿಕೆ ಮಡಿಯದ್ದಲ್ಲ ಅಂತ ನನಗೆ ಗೊತ್ತಿಲ್ವಾ? ಅದಕ್ಕೂ ಉಪಾಯ ಮಾಡಿದ್ದೇನೆ. ವಾದ್ಯದವರಿಗೆ ಫೋನ್ ಮಾಡಿ ಹೇಳಿದೆ. ಧಾರೆ ಮುಗಿಯುವ ತನಕ ಒಂದು ಗಳಿಗೆ ನಿಲ್ಲಿಸಬೇಡಿ, ಎಷ್ಟು ಗಟ್ಟಿ ಆಗ್ತದೋ ಅಷ್ಟು ಗಟ್ಟಿ ಊದಿ ಅಂತ. ಭಟ್ರ ಮಂತ್ರ ಕೇಳದಿದ್ರೂ ಅಡ್ಡಿ ಇಲ್ಲ."

ಈಗ ಹೇಳಬೇಕು, ಈ ಕ್ಷಣ. "ರಮಾ," ಎಂದ. ಅಷ್ಟರಲ್ಲಿ ಮಷೀನಿನ ಮೇಲಿದ್ದ ಅವಳ ಫೋನ್ ಬಡಿದುಕೊಂಡಿತು. ಒಂದು ಕೈಯಲ್ಲಿ ಪಟ್ಟಿಯನ್ನು ಅವನ ಸೊಂಟಕ್ಕೆ ಒತ್ತಿ ಹಿಡಿದೇ ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು. ಜಯಲತಾಳದು ಹೋಟೆಲಿನ ಗದ್ದಲದಲ್ಲಿ ಪಳಗಿದ ದೊಡ್ಡ ಗಂಟಲು, ಪ್ರತಿ ಮಾತೂ ಅವನಿಗೆ ಕೇಳಿಸುತ್ತಿತ್ತು. "ರಮಕ್ಕ, ಮಾತಾಡಬೇಡ ಅಂತ ಭಾವ ಹೇಳಿದ್ದಾರೆ, ಆದ್ರೆ ನನಗೆ ತಡೀಲಿಲ್ಲ. ಅವರ ಪಕ್ಕ ಕೂರ್ಲಿಕ್ಕೆ ನಾಚಿಕೆ ಆಗ್ತದೆ ಅಂತ ನೀವು ಅತ್ರಂತಲ್ಲ. ನೀವು ತಪ್ಪು ಅಂತ ತಿಳ್ಕೊಳ್ಬೇಡಿ. ನಿಮ್ಮ ಜಾಗದಲ್ಲಿ ಯಾರಿದ್ರೂ ಹಾಗೇ. ಧಾರೆಗೆ ನಾವೇ ಕೂರ್ತೇವೆ, ಇವರೂ ಒಪ್ಪಿದ್ದಾರೆ. ಹೌದಾ ರಮಕ್ಕ? ನೀವೇ ಹೇಳಿದ್ದಲ್ವಾ?"

ರಮಾಮಣಿ ಬಾಯಲ್ಲಿ ಉಳಿದಿದ್ದ ಪಿನ್ನನ್ನು ತೆಗೆದು ಮಷೀನಿನ ಮೇಲಿಟ್ಟಳು. ತಲೆಯೆತ್ತಿ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬಹಳ ವರ್ಷದಿಂದ ತಿಳಿದಿದ್ದ ಮನುಷ್ಯನನ್ನು ಹೊಸದಾಗಿ ನೋಡುವ ಹಾಗೆ, ಹಣೆಯಿಂದ ಹೊಟ್ಟೆಯವರೆಗೆ ನಿಧಾನ ನೋಡಿದಳು. ಅವನು ಕೈ ಮೇಲೆತ್ತಿ ನಿಂತೇ ಇದ್ದ.

"ಹೌದು ಜಯಾ," ಎಂದಳು. "ನಾನೇ ಹೇಳಿದ್ದು. ನನಗೆ ನಾಚಿಕೆ ಆಗ್ತದೆ. ನೀವಿಬ್ಬರೇ ಕೂತ್ಕೊಳ್ಳಿ."

ಫೋನ್ ಇಟ್ಟಳು. ಅವನು ಏನೋ ಹೇಳಲು ಹೋದ, ಕೈ ಇಳಿಸಿದ. "ಕೈ ಇಳಿಸಬೇಡಿ, ಪಿನ್ನು ಚುಚ್ತದೆ," ಎಂದು ಅವಳು ಅವನ ಮೊಣಕೈಯನ್ನು ಮತ್ತೆ ಮೇಲಕ್ಕೆತ್ತಿ ನಿಲ್ಲಿಸಿದಳು. ಹಾಕಿದ್ದಷ್ಟೇ ಜೋಪಾನವಾಗಿ ಒಂದೊಂದೇ ಪಿನ್ನನ್ನು ಕಿತ್ತು ಡಬ್ಬಿಗೆ ಹಾಕಿದಳು. ರೇಷ್ಮೆಯ ಪಟ್ಟಿಯನ್ನು ಬಿಡಿಸಿ, ಮಡಿಚಿ, ಮಷೀನಿನ ಡ್ರಾಯರಿನಲ್ಲಿಟ್ಟಳು.

"ವಾದ್ಯದವರಿಗೆ ಮತ್ತೊಮ್ಮೆ ಫೋನ್ ಮಾಡ್ಬೇಕು," ಅಂದಳು. "ಗಟ್ಟಿ ಊದುದು ಬೇಡ ಅಂತ."